ನಾಲ್ಕು ದಿನದ ವ್ಯವಹಾರಕ್ಕೆ ಯಾವ ವೀಸಾ?

ಕಳೆದ ಸೀಸನ್‌ನಲ್ಲಿ, ಮಾರ್ಚ್ ತಿಂಗಳ ಒಂದು ಸೋಮವಾರ ರಾತ್ರಿ, ಕಚ್ಚಾಬೀಜ ನೋಡಲು ಐವರಿ ಕೋಸ್ಟಿನ ಅಬಿಜಾನ್ ನಗರಕ್ಕೆ ಹೊರಟಿದ್ದ, ಕಾರ್ಕಳ ಕಡೆಯ ಗೇರುಬೀಜ ಕಾರ್ಖಾನೆಯ ಮಾಲಕರೊಬ್ಬರು ಫೋನ್ ಮಾಡಿದರು. “ಶುಕ್ರವಾರಕ್ಕೆ ಅಬಿಜಾನಿಗೆ ಟಿಕೆಟ್ ಆಗಿದೆ ಮಾರಾಯ್ರೆ. ವೀಸಾದ್ದು ಎಲ್ಲ ಸರಿ ಉಂಟು. ಈಗ ಟ್ರಾವೆಲ್ಸಿನವರು ಹಳದಿ ಕಾರ್ಡ್ ಎಲ್ಲಿ ಅಂತ ಕೇಳ್ತಾರೆ. ಅದೆಂತದ್ದು?”

ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡದ್ದಕ್ಕೆ ಕೊಡುವ ಪ್ರಮಾಣಪತ್ರ ಅದು. ಚುಚ್ಚಿಸಿಕೊಂಡ ಹತ್ತು ದಿನಗಳ ಮೇಲೆ ಮಾತ್ರ ಅದಕ್ಕೆ ಬೆಲೆ. ಶುಕ್ರವಾರಕ್ಕೆ ಇದ್ದದ್ದು ನಾಲ್ಕೇ ದಿನ. ಅವರಲ್ಲಿ ಆಹ್ವಾನ ಪತ್ರ ಇತ್ತು, ಬ್ಯಾಂಕ್ ಸ್ಟೇಟ್‌ಮೆಂಟ್ ಇತ್ತು, ಹೋಟೆಲ್ ಬುಕಿಂಗ್ ಇತ್ತು. ಟಿಕೆಟ್ ಮುಂದೆ ಹಾಕಿದರು. ಅಷ್ಟರಲ್ಲಿ ಅವರು ನೋಡಬೇಕಿದ್ದ ಕಚ್ಚಾಬೀಜದ ಲಾಟನ್ನು ಬೇರೆಯವರು ಎತ್ತಿಕೊಂಡಿದ್ದರು. “ನಾಲ್ಕು ದಿನದ ಕೆಲಸಕ್ಕೆ ಇಷ್ಟೆಲ್ಲ ಉಂಟಾ?” ಎಂದು ಅವರು ಬೇಸರದಿಂದ ಕೇಳಿದ್ದು ಕಿವಿಯಲ್ಲೇ ಉಳಿದಿದೆ.

ಆಮದು–ರಫ್ತಿನ ಕಾಗದಪತ್ರದ ಕೆಲಸದಲ್ಲಿರುವ ನನಗೆ ಇಂಥ ಫೋನು ವರ್ಷಕ್ಕೆ ಹತ್ತಾರು ಬರುತ್ತವೆ. ಗೇರುಬೀಜದವರು, ಮೀನಿನವರು, ಚೀನಾದಿಂದ ಯಂತ್ರ ತರಿಸುವವರು, ದುಬೈಗೆ ಅಂಗಡಿ ಸಾಮಾನು ಕಳಿಸುವವರು, ಸಾಫ್ಟ್‌ವೇರ್ ಹುಡುಗರು. ಎಲ್ಲರೂ ಮೊದಲು ಕೇಳುವುದು “ಎಷ್ಟು ದಿನಕ್ಕೆ ಸಿಗ್ತದೆ?” ಎಂದು. ಗಡಿಯಲ್ಲಿ ಕೂತ ಅಧಿಕಾರಿಗೆ ದಿನಗಳ ಲೆಕ್ಕ ಎರಡನೆಯದು. “ಬಂದು ಮಾಡುವುದು ಏನು?” ಎಂಬುದು ಅವರ ಮೊದಲ ಪ್ರಶ್ನೆ. ನಮ್ಮೂರಲ್ಲಿ ದಾರಿಯಲ್ಲಿ ಸಿಕ್ಕವರು “ಎಲ್ಲಿಗೆ ಹೊರಟದ್ದು?” ಎಂದು ಕೇಳಿ ಸುಮ್ಮನಾಗುತ್ತಾರೆ, “ಎಂತಕ್ಕೆ” ಎಂದು ಕೇಳುವುದು ಮರ್ಯಾದೆಯಲ್ಲ. ಗಡಿಯಲ್ಲಿ ಅದನ್ನೇ ಕೇಳುತ್ತಾರೆ. ಅದಕ್ಕೆ ಕೊಡುವ ಉತ್ತರವೂ ಕೈಯಲ್ಲಿರುವ ಕಾಗದವೂ ಒಂದೇ ಮಾತು ಹೇಳಬೇಕು. ನಮ್ಮ ಸಣ್ಣ ವ್ಯಾಪಾರಿಗಳು ಸೋಲುವುದು ಹೆಚ್ಚಾಗಿ ಇಲ್ಲಿಯೇ.

ಹಳದಿ ಜ್ವರದ ವಿಚಾರವನ್ನು ಮೊದಲು ಮುಗಿಸುತ್ತೇನೆ, ಏಕೆಂದರೆ ಗೇರುಬೀಜದವರಿಗೆ ಇದು ಪ್ರತಿವರ್ಷದ ಮಾತು. ಪ್ರಪಂಚದಲ್ಲಿ ಅತಿ ಹೆಚ್ಚು ಕಚ್ಚಾಬೀಜ ಬೆಳೆಯುವ ದೇಶ ಐವರಿ ಕೋಸ್ಟ್. ಅಲ್ಲಿಗೆ ಕಾಲಿಡಬೇಕಾದರೆ ಈ ಪ್ರಮಾಣಪತ್ರ ಬೇಕು. ಘಾನಾ, ಬೆನಿನ್, ಗಿನಿ ಬಿಸಾವ್ ಕೂಡ ಹಳದಿ ಜ್ವರದ ಪಟ್ಟಿಯಲ್ಲಿವೆ. ಬಹಳ ಜನ ಮರೆಯುವುದು ವಾಪಸು ಬರುವ ದಾರಿಯನ್ನು. ಆ ದೇಶಗಳಿಂದ ಹೊರಟು ಆರು ದಿನದೊಳಗೆ, ಪ್ರಮಾಣಪತ್ರ ಇಲ್ಲದೆ ಭಾರತಕ್ಕೆ ಇಳಿದರೆ ನಮ್ಮದೇ ವಿಮಾನ ನಿಲ್ದಾಣದಲ್ಲಿ ಆರು ದಿನದವರೆಗೆ ಪ್ರತ್ಯೇಕವಾಗಿ ಇಡಬಹುದು. ಭಾರತದ್ದೇ ಪಾಸ್‌ಪೋರ್ಟ್ ಇದ್ದರೂ ಆ ನಿಯಮ ಬಿಡುವುದಿಲ್ಲ. ಇದು ಅತಿಯಾಯಿತು ಎಂದು ಅನ್ನಿಸುವವರು 2019ರ ಮಳೆಗಾಲದಲ್ಲಿ ಡೆಂಗೆ ಮಂಗಳೂರನ್ನು ಹೇಗೆ ಕಾಡಿತ್ತೆಂದು ನೆನಪಿಸಿಕೊಳ್ಳಬೇಕು. ಡೆಂಗೆ ಹರಡುವ ಈಡಿಸ್ ಸೊಳ್ಳೆಯೇ ಹಳದಿ ಜ್ವರವನ್ನೂ ಹರಡುತ್ತದೆ. ಸೊಳ್ಳೆ ನಮ್ಮ ಮನೆಯಂಗಳದಲ್ಲಿ ಉಂಟು, ವೈರಸ್ ಮಾತ್ರ ಇನ್ನೂ ಈ ದೇಶಕ್ಕೆ ಬಂದಿಲ್ಲ. ಅದು ಬಾರದಂತೆ ತಡೆಯುವ ಬೇಲಿ ಈ ಹಳದಿ ಕಾರ್ಡ್. ಲಸಿಕೆಯನ್ನು ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ. ಒಮ್ಮೆ ಹಾಕಿಸಿಕೊಂಡರೆ 2016ರ ಜುಲೈಯಿಂದ ಬಂದ ನಿಯಮದ ಪ್ರಕಾರ ಜೀವಮಾನಕ್ಕೆ ಸಾಕು. ಹಾಗಾಗಿ ಗೇರುಬೀಜದ ವ್ಯವಹಾರಕ್ಕೆ ಇಳಿಯುವ ಮಕ್ಕಳಿಗೆ ಪಾಸ್‌ಪೋರ್ಟ್ ಮಾಡಿಸಿದ ವರ್ಷವೇ ಇದನ್ನೂ ಮಾಡಿಸಿಬಿಡಿ ಎಂದು ನಾನು ಹೇಳುತ್ತೇನೆ.

ಮೀಟಿಂಗ್ ಎಲ್ಲಿ ಮುಗಿಯಿತು, ಕೆಲಸ ಎಲ್ಲಿ ಶುರುವಾಯಿತು

ನಮ್ಮ ಜಿಲ್ಲೆಗಳಲ್ಲಿ “ವೀಸಾ ಬಂತು” ಅಂದರೆ ಗಲ್ಫ್‌ನಲ್ಲಿ ಕೆಲಸ ಸಿಕ್ಕಿತು ಎಂದೇ ಅರ್ಥ. ಮದುವೆ ಮಾತುಕತೆಯಲ್ಲೂ ಹಾಗೆಯೇ ಹೇಳುತ್ತಾರೆ. ಇನ್ನೊಂದು “ವಿಸಿಟ್”. ಮೂರು ತಿಂಗಳು ಹೋಗಿ, ಅಣ್ಣನದ್ದೋ ಭಾವನದ್ದೋ ರೂಮಿನಲ್ಲಿ ಉಳಿದು, ಕೆಲಸ ಹುಡುಕಿ ಬರುವುದು. ಎರಡು ತಲೆಮಾರಿನ ಈ ಅನುಭವದಿಂದ ವಿಸಿಟ್ ವೀಸಾ ಅಂದರೆ ಒಳಗೆ ಹೋಗುವ ಟಿಕೆಟ್, ಒಳಗೆ ಹೋದ ಮೇಲೆ ಏನು ಮಾಡಿದರೂ ನಡೆಯುತ್ತದೆ ಎಂಬ ನಂಬಿಕೆ ಬೇರೂರಿದೆ. ವ್ಯಾಪಾರದ ಪ್ರಯಾಣಕ್ಕೂ ಅದೇ ನಂಬಿಕೆ ಹಿಡಿದುಕೊಂಡು ಹೊರಡುತ್ತೇವೆ. ಅಲ್ಲಿಯೂ ಕಾಲ ಬದಲಾಗಿದೆ. ವಿಸಿಟ್ ವೀಸಾದಲ್ಲಿದ್ದವರಿಂದ ಕೆಲಸ ಮಾಡಿಸಿಕೊಂಡ ಕಂಪನಿಗೆ ಯುಎಇ 2024ರಲ್ಲಿ ದಂಡವನ್ನು ಕನಿಷ್ಠ 1 ಲಕ್ಷ, ಗರಿಷ್ಠ 10 ಲಕ್ಷ ದಿರ್ಹಂಗೆ ಏರಿಸಿತು.

ಹಾಗಾದರೆ ಬಿಸಿನೆಸ್ ಎಂದರೆ ಯಾವುದು, ಕೆಲಸ ಎಂದರೆ ಯಾವುದು? ಇದಕ್ಕೆ ನನಗೆ ಗೊತ್ತಿರುವ ಅತ್ಯಂತ ಸ್ಪಷ್ಟ ಉತ್ತರ ಒಬ್ಬ ದರ್ಜಿಯ ಕತೆಯಲ್ಲಿದೆ. 1960ರ ದಶಕದಲ್ಲಿ ಹಾಂಗ್‌ಕಾಂಗಿನ ಒಂದು ಬಟ್ಟೆ ಕಂಪನಿಯವರು ತಮ್ಮ ನೌಕರನನ್ನು ಅಮೆರಿಕಕ್ಕೆ ಕಳಿಸಿದ್ದರು. ಆತ ಗಿರಾಕಿಗಳ ಸೂಟಿಗೆ ಅಳತೆ ತೆಗೆದುಕೊಳ್ಳುತ್ತಿದ್ದ, ಆರ್ಡರ್ ಬರೆದುಕೊಳ್ಳುತ್ತಿದ್ದ. ಹೊಲಿಗೆ ಎಲ್ಲ ಹಾಂಗ್‌ಕಾಂಗಿನಲ್ಲಿ. ಅಳತೆ ಪಟ್ಟಿ ಹಿಡಿದು ದಿನವಿಡೀ ದುಡಿಯುವವ ಬಿಸಿನೆಸ್ ವಿಸಿಟರ್ ಹೇಗಾದಾನು, ಅವ ಕೆಲಸಗಾರ ಎಂದು ವಲಸೆ ಇಲಾಖೆ ವಾದಿಸಿತು. ಅಲ್ಲಿಯ ವಲಸೆ ಮೇಲ್ಮನವಿ ಮಂಡಳಿ ದರ್ಜಿಯ ಪರ ನಿಂತಿತು, 1966ರಲ್ಲಿ ಅಟಾರ್ನಿ ಜನರಲ್ ಕೂಡ ಅದನ್ನು ಎತ್ತಿಹಿಡಿದರು. ಹೀರಾ ಪ್ರಕರಣ ಎಂದು ಇಂದಿಗೂ ಉಲ್ಲೇಖಿಸುತ್ತಾರೆ. ತೀರ್ಪಿನ ತಿರುಳು ಹೀಗೆ: ವ್ಯವಹಾರದ ಮುಖ್ಯ ನೆಲೆ ಹೊರದೇಶದಲ್ಲಿ, ಲಾಭ ಸೇರುವುದೂ ಅಲ್ಲಿಗೇ, ಅಮೆರಿಕದಲ್ಲಿ ನಡೆಯುವುದು ಆ ಅಂತರರಾಷ್ಟ್ರೀಯ ವ್ಯಾಪಾರದ ಒಂದು ಅಂಗ ಮಾತ್ರ. ಆದ್ದರಿಂದ ಅಳತೆ ತೆಗೆಯಬಹುದು. ಅದೇ ದರ್ಜಿ ಅಲ್ಲಿ ಮಿಷನ್ ಇಟ್ಟು ಹೊಲಿಯಲು ಕೂತಿದ್ದರೆ ಮಾತು ಬೇರೆ.

ಈ ಕತೆಯನ್ನು ಅಬಿಜಾನಿನ ಗೋದಾಮಿಗೆ ತಂದು ನೋಡಿ. ನಮ್ಮವರು ಅಲ್ಲಿ ಮಾಡುವುದು ಕಟಿಂಗ್ ಟೆಸ್ಟ್. ರಾಶಿಯ ಬೇರೆಬೇರೆ ಗೋಣಿಗಳಿಂದ ಬೀಜ ತೆಗೆದು, ಬೆರೆಸಿ, ಒಂದು ಕಿಲೋ ತೂಗಿ, ಒಂದೊಂದನ್ನೇ ಎರಡು ಹೋಳು ಮಾಡುತ್ತಾರೆ. ಒಳ್ಳೆಯ ತಿರುಳು ಒಂದು ಕಡೆ, ಕಲೆ ಇದ್ದದ್ದು ಒಂದು ಕಡೆ, ಹುಳ ಹಿಡಿದದ್ದು, ಪೊಳ್ಳು ಮತ್ತೊಂದು ಕಡೆ. ಬೆರಳ ತುದಿಗೆ ಸಿಪ್ಪೆಯ ಎಣ್ಣೆ ಅಂಟಿ ಕಪ್ಪಾಗುತ್ತದೆ. ಕೊನೆಗೆ ತೂಗಿ, 80 ಕಿಲೋ ಚೀಲಕ್ಕೆ ಎಷ್ಟು ಪೌಂಡ್ ತಿರುಳು ಎಂದು ಔಟ್‌ಟರ್ನ್ ತೆಗೆಯುತ್ತಾರೆ. ಒಂದು ಪೌಂಡ್ ಆಚೀಚೆ ಆದರೆ ಇಡೀ ಹಡಗಿನ ಲೆಕ್ಕ ತಿರುಗಿಬೀಳುತ್ತದೆ. ಮೈ ಬೆವರಿದರೂ ಇದು ಬಿಸಿನೆಸ್ ಭೇಟಿಯೇ, ಯಾಕೆಂದರೆ ತಾನು ಕೊಳ್ಳುವ ಮಾಲನ್ನು ತಾನು ನೋಡುತ್ತಿದ್ದಾನೆ, ಸಂಬಳವೋ ಲಾಭವೋ ಊರಿನಲ್ಲಿ ಹುಟ್ಟುತ್ತದೆ. ಅದೇ ಮನುಷ್ಯ ಅಲ್ಲಿಯ ಕಾರ್ಖಾನೆಯೊಂದರಲ್ಲಿ ಒಂದು ತಿಂಗಳು ಕೂತು, ಅವರಿಂದ ದುಡ್ಡು ತೆಗೆದುಕೊಂಡು ಗ್ರೇಡಿಂಗ್ ಮಾಡಿಕೊಟ್ಟರೆ ಅದು ಉದ್ಯೋಗ. ಕೈಗಳು ಮಾಡಿದ್ದು ಒಂದೇ ಕೆಲಸ. ಯಾರಿಗಾಗಿ, ಯಾರ ದುಡ್ಡಿಗೆ ಎಂಬುದರಿಂದ ವೀಸಾ ಬದಲಾಯಿತು.

ಗೆರೆ ತೀರಾ ತೆಳುವಾಗುವುದು ಯಂತ್ರ ಜೋಡಿಸುವವರಲ್ಲಿ. 2025ರ ಸೆಪ್ಟೆಂಬರ್ 4ರಂದು ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಹ್ಯುಂಡೈ ಮತ್ತು ಎಲ್‌ಜಿಯವರು ಕಟ್ಟುತ್ತಿದ್ದ ಬ್ಯಾಟರಿ ಕಾರ್ಖಾನೆಗೆ ವಲಸೆ ಅಧಿಕಾರಿಗಳು ನುಗ್ಗಿ ಸುಮಾರು 475 ಜನರನ್ನು ಹಿಡಿದರು. ಅವರಲ್ಲಿ 300ಕ್ಕೂ ಹೆಚ್ಚು ಮಂದಿ ದಕ್ಷಿಣ ಕೊರಿಯಾದವರು. ಹಲವರು ಬಂದದ್ದು ಬಿ-1 ಬಿಸಿನೆಸ್ ವೀಸಾದಲ್ಲೋ ವೀಸಾ ಇಲ್ಲದ ಅಲ್ಪಾವಧಿ ಪ್ರವೇಶದಲ್ಲೋ. ಸಾವಿರಾರು ಕೋಟಿ ಹೂಡಿದ, ವಕೀಲರ ಪಡೆಯೇ ಇರುವ ಕಂಪನಿಗಳ ತಂತ್ರಜ್ಞರಿಗೆ ಬೇಡಿ ಹಾಕಿದ ದೃಶ್ಯವನ್ನು ಲೋಕವೆಲ್ಲ ನೋಡಿತು. ಆಮೇಲೆ ಎರಡೂ ಸರ್ಕಾರಗಳು ಕೂತು ಮಾತಾಡಿ, ಹೂಡಿಕೆಗಾಗಿ ಹೊರದೇಶದಿಂದ ತಂದ ಯಂತ್ರವನ್ನು ಜೋಡಿಸುವುದು, ಸರ್ವಿಸ್ ಮಾಡುವುದು, ರಿಪೇರಿ ಮಾಡುವುದು ಬಿ-1ರಲ್ಲಿ ಸಾಧ್ಯ ಎಂದು ಮತ್ತೊಮ್ಮೆ ಸ್ಪಷ್ಟಪಡಿಸಿಕೊಂಡವು. ಆ ಅವಕಾಶ ಹೊಸದಲ್ಲ, ನಿಯಮದಲ್ಲಿ ಮೊದಲೇ ಇತ್ತು. ಯಂತ್ರ ಅಮೆರಿಕದ ಹೊರಗೆ ತಯಾರಾಗಿರಬೇಕು, ಜೋಡಿಸಿಕೊಡುವ ಷರತ್ತು ಮಾರಾಟದ ಕರಾರಿನಲ್ಲೇ ಇರಬೇಕು, ಹೋಗುವವನಿಗೆ ಆ ಯಂತ್ರದ ವಿಶೇಷ ತಿಳಿವಳಿಕೆ ಇರಬೇಕು, ಸಂಬಳ ಊರಿನ ಕಂಪನಿಯದ್ದೇ ಆಗಿರಬೇಕು. ಗೋಡೆ ಕಟ್ಟುವ, ತಳಪಾಯ ಹಾಕುವ ನಿರ್ಮಾಣ ಕೆಲಸಕ್ಕೆ ಮಾತ್ರ ಕೈ ಹಾಕುವಂತಿಲ್ಲ.

ಬೈಕಂಪಾಡಿಯಂಥ ಕೈಗಾರಿಕಾ ಪ್ರದೇಶದಲ್ಲಿ ಯಂತ್ರ ಮಾಡಿ ಹೊರಗೆ ಮಾರಲು ಹೊರಡುವ ಸಣ್ಣ ಉದ್ಯಮಿಗಳಿಗೆ ನಾನು ಇದರಿಂದ ತೆಗೆದುಕೊಡುವ ಪಾಠ ಒಂದೇ. ಮಾರಾಟದ ಕರಾರು ಬರೆಯುವ ದಿನವೇ ವೀಸಾದ ಯೋಚನೆ ಮಾಡಿ. “ಯಂತ್ರ ಜೋಡಿಸಿ, ನಡೆಸಿ ತೋರಿಸಿ, ಅಲ್ಲಿಯವರಿಗೆ ಕಲಿಸಿಕೊಡುವುದು ಮಾರುವವರ ಹೊಣೆ, ಇದಕ್ಕೆ ಬೇರೆ ಸಂಬಳ ಇಲ್ಲ” ಎಂಬ ಒಂದು ವಾಕ್ಯ ಕರಾರಿನಲ್ಲಿ ಇದ್ದರೆ ನಿಮ್ಮ ಫಿಟ್ಟರ್ ಅದನ್ನು ತೋರಿಸಿ ಮಾತಾಡಬಹುದು. ಇಲ್ಲದಿದ್ದರೆ ಅವನ ಕೈಯಲ್ಲಿರುವ ಸ್ಪ್ಯಾನರೇ ಅವನ ವಿರುದ್ಧ ಸಾಕ್ಷಿ. ಅಮೆರಿಕದ ಈ ನಿಯಮ ಬೇರೆ ದೇಶಕ್ಕೆ ಹಾಗೆಯೇ ಅನ್ವಯಿಸುವುದಿಲ್ಲ, ಆಯಾ ದೇಶದ ರಾಯಭಾರ ಕಚೇರಿಯ ಪಟ್ಟಿಯನ್ನೇ ನೋಡಬೇಕು. ಕರಾರಿನಲ್ಲಿ ಬರೆದಿಟ್ಟದ್ದು ಮಾತ್ರ ಎಲ್ಲಿಯೂ ವ್ಯರ್ಥವಾಗುವುದಿಲ್ಲ.

ಆಹ್ವಾನ ಪತ್ರದ ಆ ನಾಲ್ಕು ಸಾಲು

ಇಡೀ ಕಡತದಲ್ಲಿ ಅತ್ಯಂತ ಮುಖ್ಯವಾದ ಹಾಳೆ ಯಾವುದೆಂದು ಕೇಳಿದರೆ ಬ್ಯಾಂಕ್ ಸ್ಟೇಟ್‌ಮೆಂಟ್ ಎಂದು ನಾನು ಹೇಳುವುದಿಲ್ಲ. ಆಹ್ವಾನ ಪತ್ರ. ಅದನ್ನು ನಾವು ಎಷ್ಟು ಹಗುರವಾಗಿ ನೋಡುತ್ತೇವೆ ಎಂದರೆ ಆಚೆಯವರು ವಾಟ್ಸ್‌ಆ್ಯಪಿನಲ್ಲಿ ಕಳಿಸಿದ್ದನ್ನು ಓದದೆಯೇ ಪ್ರಿಂಟ್ ಹೊಡೆಯುತ್ತೇವೆ. ಹೆಚ್ಚಿನ ಪತ್ರಗಳಲ್ಲಿ ಇರುವುದು ಇಷ್ಟೇ: “ವ್ಯವಹಾರದ ಮಾತುಕತೆಗಾಗಿ ಇವರನ್ನು ನಮ್ಮ ದೇಶಕ್ಕೆ ಆಹ್ವಾನಿಸುತ್ತೇವೆ.” ಯಾವ ವ್ಯವಹಾರ? ಯಾವ ಮಾತುಕತೆ? ಖರ್ಚು ಯಾರದ್ದು? ಸಹಿ ಹಾಕಿದವರು ಕಂಪನಿಯಲ್ಲಿ ಏನಾಗಬೇಕು? ಸಾವಿರ ಅರ್ಜಿ ನೋಡುವ ಅಧಿಕಾರಿಗೆ ಈ ಪತ್ರ ಏನೂ ಹೇಳುವುದಿಲ್ಲ.

“ಮೀಟಿಂಗ್” ಎಂಬ ಸಪ್ಪೆ ಮಾತು ಅಪಾಯಕಾರಿಯೂ ಹೌದು. ಮುಡಿಪುವಿನಲ್ಲಿ ಕ್ಯಾಂಪಸ್ ಇರುವ ಇನ್ಫೋಸಿಸ್ 2013ರ ಅಕ್ಟೋಬರ್‌ನಲ್ಲಿ 3.4 ಕೋಟಿ ಡಾಲರ್ ಕೊಟ್ಟು ಅಮೆರಿಕ ಸರ್ಕಾರದ ಜೊತೆ ರಾಜಿ ಮಾಡಿಕೊಂಡದ್ದು ನೆನಪಿರಬಹುದು. ಆಹ್ವಾನ ಪತ್ರಗಳಲ್ಲಿ ಮೀಟಿಂಗ್, ಚರ್ಚೆ ಎಂದು ಬರೆದು, ಬಿ-1 ವೀಸಾದಲ್ಲಿ ಹೋದವರಿಂದ ಕೋಡಿಂಗಿನಂಥ ಕೆಲಸ ಮಾಡಿಸಲಾಗಿದೆ ಎಂಬುದು ಸರ್ಕಾರದ ಆರೋಪವಾಗಿತ್ತು. ಕಂಪನಿ ಆರೋಪವನ್ನು ಒಪ್ಪಿರಲಿಲ್ಲ. ಆ ಪ್ರಕರಣದ ಬಳಿಕ ದೊಡ್ಡ ಐಟಿ ಕಂಪನಿಗಳು ಎಚ್ಚೆತ್ತುಕೊಂಡವು. ಮಣಿಪಾಲದಲ್ಲಿ, ಮಂಗಳೂರಿನಲ್ಲಿ ಹತ್ತಿಪ್ಪತ್ತು ಜನರ ತಂಡ ಕಟ್ಟಿಕೊಂಡು ಹೊರದೇಶದ ಗಿರಾಕಿಗೆ ಕೆಲಸ ಮಾಡುವ ಸಣ್ಣ ಸಂಸ್ಥೆಗಳಿಗೆ ಆ ಎಚ್ಚರ ಇನ್ನೂ ಮುಟ್ಟಿಲ್ಲ. ಗಿರಾಕಿಯ ಕಚೇರಿಯಲ್ಲಿ ಕೂತು ಅವರ ಬೇಡಿಕೆ ಏನೆಂದು ಕೇಳಿ ಬರೆದುಕೊಳ್ಳುವುದು ದರ್ಜಿಯ ಅಳತೆ ತೆಗೆದಂತೆ. ಅಲ್ಲೇ ಲ್ಯಾಪ್‌ಟಾಪ್ ತೆರೆದು ಎರಡು ವಾರ ಅವರ ಸಿಸ್ಟಮ್ ಕಟ್ಟಿಕೊಡುವುದು ಹೊಲಿಯಲು ಕೂತಂತೆ.

ಒಳ್ಳೆಯ ಪತ್ರ ಎಂದರೆ ಹೇಗಿರಬೇಕು? ಕಂಪನಿಯ ಲೆಟರ್‌ಹೆಡ್, ನೋಂದಣಿ ಸಂಖ್ಯೆ, ಸಹಿ ಹಾಕಿದವರ ಹೆಸರು ಮತ್ತು ಹುದ್ದೆ. ಹೋಗುವವರ ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆಯೇ. ಯಾವ ದಿನದಿಂದ ಯಾವ ದಿನದವರೆಗೆ. ಯಾವ ಊರಿನ ಯಾವ ಗೋದಾಮು ಅಥವಾ ಕಾರ್ಖಾನೆ. ಹಿಂದಿನ ವ್ಯವಹಾರ ಇದ್ದರೆ ಇನ್‌ವಾಯ್ಸ್ ಅಥವಾ ಕರಾರಿನ ಸಂಖ್ಯೆ. ಖರ್ಚು ಯಾರು ಹಾಕುತ್ತಾರೆ. ಅದಕ್ಕೆ ಹೊಂದುವಂತೆ ಊರಿನ ಕಂಪನಿಯದ್ದೂ ಒಂದು ಪತ್ರ: ಇವರು ನಮ್ಮಲ್ಲಿ ಇಷ್ಟು ವರ್ಷದಿಂದ ಇದ್ದಾರೆ, ಈ ಕೆಲಸಕ್ಕೆ ಕಳಿಸುತ್ತಿದ್ದೇವೆ, ಈ ದಿನ ವಾಪಸು ಬರುತ್ತಾರೆ. ಜಿಎಸ್‌ಟಿ ನೋಂದಣಿ, ಆಮದು–ರಫ್ತು ಕೋಡ್, ಮೂರು ವರ್ಷದ ಆದಾಯ ತೆರಿಗೆ ಕಾಗದ. ಈ ಎರಡು ಪತ್ರಗಳ ದಿನಾಂಕ, ಟಿಕೆಟಿನ ದಿನಾಂಕ, ಅರ್ಜಿಯಲ್ಲಿ ತುಂಬಿದ ದಿನಾಂಕ ಎಲ್ಲ ಒಂದೇ ಇರಬೇಕು. ನಾನು ನೋಡಿದ ತಿರಸ್ಕಾರಗಳಲ್ಲಿ ದುಡ್ಡು ಕಡಿಮೆ ಇದ್ದದ್ದಕ್ಕಿಂತ ಈ ಹೊಂದಾಣಿಕೆ ತಪ್ಪಿದ್ದೇ ಹೆಚ್ಚು.

ಏಜೆಂಟರ ಮಾತು ಇಲ್ಲಿ ಹೇಳಲೇಬೇಕು. “ಬಿಸಿನೆಸ್ ಹಾಕಿದ್ರೆ ನೂರೆಂಟು ಕೇಳ್ತಾರೆ, ಟೂರಿಸ್ಟ್ ಹಾಕುವ, ಬೇಗ ಆಗ್ತದೆ” ಎಂಬುದು ಸುಲಭದ ದಾರಿ ತೋರಿಸುವ ಮಾತು. ಅರ್ಜಿಯ ಕೆಳಗೆ ಇರುವುದು ನಿಮ್ಮ ಸಹಿ, ಏಜೆಂಟರದ್ದಲ್ಲ. ಅಮೆರಿಕದ ಕಾನೂನಿನಲ್ಲಿ ಮುಖ್ಯ ವಿಷಯವನ್ನು ಬೇಕೆಂದೇ ಸುಳ್ಳು ಹೇಳಿದ್ದು ಸಾಬೀತಾದರೆ ಜೀವಮಾನದ ಪ್ರವೇಶ ನಿಷೇಧವೇ ಬರಬಹುದು. ಯುರೋಪಿನ ವೀಸಾ ಮಾಹಿತಿ ವ್ಯವಸ್ಥೆಯಲ್ಲಿ ಒಮ್ಮೆ ಸೇರಿದ ತಿರಸ್ಕಾರದ ದಾಖಲೆ ಐದು ವರ್ಷ ಉಳಿಯುತ್ತದೆ, ಒಂದೇ ವೀಸಾ ನಡೆಯುವ ಷೆಂಗೆನ್ ವಲಯದ ಯಾವ ದೇಶದ ಕಚೇರಿಯಲ್ಲಿ ಅರ್ಜಿ ಹಾಕಿದರೂ ಅವರಿಗೆ ಕಾಣುತ್ತದೆ.

“ಭಾರತೀಯರಿಗೆ ವೀಸಾ ಬೇಡ” ಎಂಬ ಸುದ್ದಿಗಳನ್ನೂ ಇದೇ ಕಣ್ಣಿನಿಂದ ಓದಬೇಕು. ಫಿಲಿಪ್ಪೀನ್ಸ್ 2025ರ ಜೂನ್‌ನಲ್ಲಿ ಭಾರತೀಯರಿಗೆ 14 ದಿನ ವೀಸಾ ಇಲ್ಲದೆ ಬರಬಹುದೆಂದಾಗ ಅದು ಪ್ರವಾಸಿಗರಿಗೆ ಹೇಳಿದ ಮಾತು. ಜಪಾನ್ ನಮ್ಮವರಿಗೆ ಕೊಡಲು ಶುರು ಮಾಡಿದ ಇ-ವೀಸಾ ಕೂಡ ಪ್ರವಾಸಕ್ಕೆ. ಅಲ್ಲಿಗೆ ಸುರಿಮಿಯ (ಅರೆದ ಮೀನಿನ ಮಾಂಸ) ವ್ಯವಹಾರ ಮಾತಾಡಲು ಹೋಗುವ ಮೀನು ರಫ್ತುದಾರರಿಗೆ ಜಪಾನಿನ ಕಂಪನಿಯ ಆಹ್ವಾನ ಪತ್ರ, ದಿನವಾರು ಕಾರ್ಯಕ್ರಮ ಪಟ್ಟಿ ಎಲ್ಲ ಬೇಕು. ಚೀನಾದಲ್ಲಿ ವ್ಯಾಪಾರಕ್ಕೆ ಎಂ ವೀಸಾ, ಪ್ರವಾಸಕ್ಕೆ ಎಲ್ ವೀಸಾ ಎಂದು ಅಕ್ಷರದಲ್ಲೇ ಬೇರೆ ಮಾಡಿದ್ದಾರೆ. 1957ರಿಂದ ನಡೆಯುತ್ತಿರುವ, ಏಪ್ರಿಲ್ ಮತ್ತು ಅಕ್ಟೋಬರ್‌ಗಳಲ್ಲಿ ಸೇರುವ ಗುವಾಂಗ್‌ಝೌವಿನ ಕ್ಯಾಂಟನ್ ಮೇಳಕ್ಕೆ ಯಂತ್ರ, ಹಾರ್ಡ್‌ವೇರ್ ನೋಡಲು ಹೋಗುವವರಿಗೆ ಬೇಕಾದದ್ದು ಎಂ. ವಿಯೆಟ್ನಾಂ ಈ ವಿಚಾರದಲ್ಲಿ ಸರಳ. 2023ರ ಆಗಸ್ಟ್ 15ರಿಂದ 90 ದಿನದ ಇ-ವೀಸಾ ಕೊಡುತ್ತಿದ್ದಾರೆ, ಒಂದು ಬಾರಿ ಪ್ರವೇಶಕ್ಕೆ 25 ಡಾಲರ್, ಹಲವು ಬಾರಿಗೆ 50. ಅರ್ಜಿಯಲ್ಲಿ ಉದ್ದೇಶದ ಕಾಲಂ ಉಂಟು. ಗೇರುಬೀಜ ಸುಲಿಯುವ ಯಂತ್ರ ನೋಡಲು ಹೋಗುವವರು ಅಲ್ಲಿ ಅದನ್ನೇ ಹೇಳಬೇಕು.

ಯುರೋಪಿನ ದಿನಗಣನೆ

ದಿನಗಳ ಲೆಕ್ಕ ನಿಜವಾಗಿ ಬಿಗಿಯಾಗಿರುವುದು ಷೆಂಗೆನ್ ವಲಯದಲ್ಲಿ. 29 ದೇಶಗಳು ಸೇರಿ ಒಂದೇ ಅಂಗಳ. ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಇಳಿದ ದಿನವೂ ಲೆಕ್ಕ, ಹೊರಟ ದಿನವೂ ಲೆಕ್ಕ. ನಮ್ಮವರು ಎಡವುವುದು ಒಂದು ವಿಚಿತ್ರ ಜಾಗದಲ್ಲಿ. ಮನೆಯವರೇ ಪಾಲುದಾರರಾಗಿರುವ ಸಂಸ್ಥೆ ಎಂದಿಟ್ಟುಕೊಳ್ಳಿ. ಪಾಲುದಾರರಾದ ಅಮ್ಮ ಜರ್ಮನಿಯಲ್ಲಿರುವ ಮಗಳ ಬಾಣಂತನಕ್ಕೆ ಜನವರಿಯಲ್ಲಿ ಹೋಗಿ 75 ದಿನ ಇದ್ದು ಬಂದರು. ಏಪ್ರಿಲ್ ಕೊನೆಗೆ ಬಾರ್ಸಿಲೋನಾದಲ್ಲಿ ನಡೆಯುವ ಸೀಫುಡ್ ಮೇಳಕ್ಕೆ ಹೊರಟರೆ ಅವರ ಹತ್ತಿರ ಉಳಿದಿರುವುದು 15 ದಿನ. ಬಾಣಂತನ ಬೇರೆ, ಬಿಸಿನೆಸ್ ಬೇರೆ ಎಂದು ಲೆಕ್ಕ ಪುಸ್ತಕ ಎರಡಿಲ್ಲ. ಮೊದಲು ಪಾಸ್‌ಪೋರ್ಟಿನ ಮಾಸಿದ ಮುದ್ರೆಯನ್ನು ಬೆರಳಲ್ಲಿ ಎಣಿಸುತ್ತಿದ್ದರು. 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಬಂದ ಪ್ರವೇಶ–ನಿರ್ಗಮನ ವ್ಯವಸ್ಥೆಯಲ್ಲಿ ಬೆರಳಚ್ಚು, ಮುಖಚಿತ್ರದ ಜೊತೆ ಕಂಪ್ಯೂಟರೇ ದಿನ ಎಣಿಸುತ್ತದೆ. ಒಂದು ದಿನ ಹೆಚ್ಚಾದರೂ ತಾನಾಗಿ ಗೊತ್ತಾಗುತ್ತದೆ.

ಉಳಿದ ಷರತ್ತುಗಳು ಹೆಚ್ಚಿನವರಿಗೆ ಗೊತ್ತಿರುವಂಥವು. ವೀಸಾ ಶುಲ್ಕ 2024ರ ಜೂನ್‌ನಲ್ಲಿ 80ರಿಂದ 90 ಯೂರೋಗೆ ಏರಿದೆ. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಬೇಕು. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಹೊರಡುವ ದಿನದ ಮೇಲೆ ಮೂರು ತಿಂಗಳು ಬಾಳಬೇಕು, ಎರಡು ಪುಟ ಖಾಲಿ ಇರಬೇಕು. ಅರ್ಜಿ ಹಾಕುವುದು ಮುಖ್ಯ ಕೆಲಸ ಯಾವ ದೇಶದಲ್ಲೋ ಆ ದೇಶಕ್ಕೆ. ಬೇಗ ಸ್ಲಾಟ್ ಸಿಗುತ್ತದೆಂದು ಬೇರೆ ದೇಶಕ್ಕೆ ಹಾಕಿ, ಮೇಳಕ್ಕೆ ಸ್ಪೇನಿಗೆ ಹೋದರೆ ಮುಂದಿನ ಸಲ ಉತ್ತರ ಕೊಡಬೇಕಾಗುತ್ತದೆ. 2024ರಲ್ಲಿ ಭಾರತದಿಂದ 11 ಲಕ್ಷಕ್ಕೂ ಹೆಚ್ಚು ಷೆಂಗೆನ್ ಅರ್ಜಿಗಳು ಹೋಗಿದ್ದವು, ಅವುಗಳಲ್ಲಿ ನೂರಕ್ಕೆ ಸುಮಾರು 15 ತಿರಸ್ಕೃತವಾದವು. ತಿರಸ್ಕಾರವಾದರೆ ಶುಲ್ಕ ವಾಪಸಿಲ್ಲ.

ಒಳ್ಳೆಯ ಸುದ್ದಿಯೂ ಉಂಟು, ಅದು ನಮ್ಮಲ್ಲಿ ಬೇಕಾದಷ್ಟು ಹರಡಿಲ್ಲ. 2024ರ ಏಪ್ರಿಲ್‌ನಲ್ಲಿ ಯುರೋಪಿಯನ್ ಒಕ್ಕೂಟ ಭಾರತೀಯರಿಗಾಗಿ ಮಾಡಿದ ನಿಯಮದ ಪ್ರಕಾರ, ಹಿಂದಿನ ಮೂರು ವರ್ಷದಲ್ಲಿ ಎರಡು ಷೆಂಗೆನ್ ವೀಸಾ ಪಡೆದು ಸರಿಯಾಗಿ ಬಳಸಿದವರಿಗೆ ಎರಡು ವರ್ಷದ, ಹಲವು ಬಾರಿ ಹೋಗಿಬರಬಹುದಾದ ವೀಸಾ ಸಿಗಬಹುದು. ಅದಾದ ಮೇಲೆ ಐದು ವರ್ಷದ್ದು. ಇಲ್ಲಿ ತೂಕ ಇರುವುದು “ಸರಿಯಾಗಿ ಬಳಸಿದವರು” ಎಂಬಲ್ಲಿ. ಮೊದಲ ಎರಡು ಪ್ರಯಾಣವನ್ನು ಶುದ್ಧವಾಗಿ ಮಾಡಿ ಬಂದವರಿಗೆ ಮುಂದಿನ ಏಳು ವರ್ಷ ಶಿರಾಡಿ ಘಾಟಿಯಲ್ಲಿ ರಾತ್ರಿ ಬಸ್ ಹತ್ತಿ ಬೆಂಗಳೂರಿನ ವೀಸಾ ಕೇಂದ್ರಕ್ಕೆ ಪದೇಪದೇ ಓಡುವುದು ತಪ್ಪೀತು. ಮಳೆಗಾಲದಲ್ಲಿ ಘಾಟಿ ಕುಸಿದು ಅಪಾಯಿಂಟ್‌ಮೆಂಟ್ ತಪ್ಪಿಸಿಕೊಂಡವರಿಗೆ ಅದರ ಬೆಲೆ ಗೊತ್ತು. ಅಮೆರಿಕದ ಸಂದರ್ಶನಕ್ಕೆ ಚೆನ್ನೈ ರೈಲು ಹತ್ತುವವರ ಕಷ್ಟವೂ ಅದೇ. ದೊಡ್ಡ ನಗರದ ವ್ಯಾಪಾರಿಗೆ ಅರ್ಧ ದಿನದಲ್ಲಿ ಮುಗಿಯುವ ಕೆಲಸಕ್ಕೆ ಕರಾವಳಿಯವರು ಎರಡು ರಾತ್ರಿ, ಒಂದು ಹಗಲು ಕೊಡುತ್ತಾರೆ.

ಅಮೆರಿಕದ ಬಗ್ಗೆ ಒಂದು ತಪ್ಪು ತಿಳಿವಳಿಕೆ ತೆಗೆಯಬೇಕು. ಹತ್ತು ವರ್ಷದ ವೀಸಾ ಎಂದರೆ ಹತ್ತು ವರ್ಷದ ಕಾಲ ಬಾಗಿಲು ತಟ್ಟುವ ಹಕ್ಕು. ಒಳಗೆ ಎಷ್ಟು ದಿನ ಇರಬಹುದೆಂದು ಹೇಳುವುದು ಐ-94 ಎಂಬ ದಾಖಲೆ. ಇಳಿದ ಮೇಲೆ ಅದರಲ್ಲಿರುವ ದಿನಾಂಕವನ್ನು ಆನ್‌ಲೈನಿನಲ್ಲಿ ನೋಡಿಕೊಳ್ಳಬೇಕು.

ಬಜ್ಪೆಯ ಕೌಂಟರಿನಲ್ಲೇ ಶುರು

ಹೊರದೇಶದ ಗಡಿ ಅಲ್ಲಿ ಇಳಿದ ಮೇಲೆ ಬರುತ್ತದೆ ಎಂದು ಭಾವಿಸುತ್ತೇವೆ. ನಿಜವಾಗಿ ಅದು ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜ್ಪೆಯ ಚೆಕ್‌ಇನ್ ಕೌಂಟರಿನಲ್ಲೇ ಎದುರಾಗುತ್ತದೆ. ಸರಿಯಾದ ಕಾಗದ ಇಲ್ಲದವರನ್ನು ಕರೆದೊಯ್ದರೆ ವಿಮಾನ ಕಂಪನಿಗೇ ದಂಡ ಬೀಳುತ್ತದೆ, ವಾಪಸು ತರುವ ಹೊಣೆಯೂ ಅವರದ್ದೇ. ಹಾಗಾಗಿ ಕೌಂಟರಿನ ಹುಡುಗಿ ಅಂತರರಾಷ್ಟ್ರೀಯ ನಿಯಮಗಳ ದತ್ತಾಂಶವನ್ನು ಪರದೆಯಲ್ಲಿ ನೋಡಿ, ಅದು ಹೇಳಿದಂತೆ ಕೇಳುತ್ತಾಳೆ. ಪಾಸ್‌ಪೋರ್ಟಿಗೆ ಆರು ತಿಂಗಳ ಬಾಳಿಕೆ ಇಲ್ಲ, ರಿಟರ್ನ್ ಟಿಕೆಟ್ ಇಲ್ಲ, ಮಲೇಷ್ಯಾಕ್ಕೋ ಥಾಯ್ಲೆಂಡಿಗೋ ಹೋಗುವವರು ಡಿಜಿಟಲ್ ಆಗಮನ ಕಾರ್ಡ್ ತುಂಬಿಲ್ಲ. ಇಂಥ ಕಾರಣಕ್ಕೆ ಸೂಟ್‌ಕೇಸ್ ಹಿಡಿದು ಕೆಂಜಾರಿನ ಗುಡ್ಡ ಇಳಿದವರಿದ್ದಾರೆ. ಅವಳ ಮೇಲೆ ಕೂಗಾಡಿ ಫಲವಿಲ್ಲ.

ಹೆಸರಿನ ಗೊಂದಲವಂತೂ ನಮ್ಮ ಕಡೆ ವಿಶೇಷ. ಶಾಲೆಯಲ್ಲಿ ಒಂದಕ್ಷರದ ಇನಿಷಿಯಲ್, ಆಧಾರ್‌ನಲ್ಲಿ ಜಾತಿಸೂಚಕ ಉಪನಾಮ, ಪಾಸ್‌ಪೋರ್ಟಿನಲ್ಲಿ ಒಂಟಿ ಹೆಸರು. 2022ರ ನವೆಂಬರ್ 21ರಿಂದ ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿದ್ದವರಿಗೆ ವಿಸಿಟ್ ವೀಸಾದಲ್ಲಿ ಪ್ರವೇಶವಿಲ್ಲ ಎಂದು ಯುಎಇ ಹೇಳಿತು. ತಂದೆಯ ಅಥವಾ ಮನೆತನದ ಹೆಸರು ಪಾಸ್‌ಪೋರ್ಟಿನ ಎರಡನೆಯ ಪುಟದಲ್ಲಿದ್ದರೆ ಆದೀತು ಎಂದು ಆಮೇಲೆ ಸಡಿಲಿಸಿದರು. ಪಾಸ್‌ಪೋರ್ಟ್ ನವೀಕರಿಸುವಾಗಲೇ ಹೆಸರನ್ನು ಎರಡು ಭಾಗವಾಗಿ, ಇನಿಷಿಯಲ್ ಬಿಡಿಸಿ ಬರೆಸಿಕೊಳ್ಳುವುದು ಒಳ್ಳೆಯದು.

ಇನ್ನು ಚೀಲದೊಳಗಿನ ಮಾತು. ಒಂದು ಪ್ರಯಾಣಕ್ಕೆ ಸಾಮಾನ್ಯವಾಗಿ 3,000 ಡಾಲರ್‌ವರೆಗೆ ವಿದೇಶಿ ನೋಟು ಒಯ್ಯಬಹುದು, ಉಳಿದದ್ದು ಕಾರ್ಡಿನಲ್ಲಿ. ರೂಪಾಯಿ 25,000ದವರೆಗೆ. ಮೇಳದಲ್ಲಿ ತೋರಿಸಿ ವಾಪಸು ತರುವ ಯಂತ್ರದ ಮಾದರಿಗೆ ಎಟಿಎ ಕಾರ್ನೆ ಎಂಬ ಕಾಗದ ಉಂಟು, ಭಾರತದಲ್ಲಿ ಅದನ್ನು ವಾಣಿಜ್ಯೋದ್ಯಮಿಗಳ ಒಕ್ಕೂಟ ಫಿಕ್ಕಿ ಕೊಡುತ್ತದೆ. ಅದಿದ್ದರೆ ಎರಡೂ ಕಡೆ ಕಸ್ಟಮ್ಸ್ ಸುಂಕ ಕಟ್ಟಿ ವಾಪಸು ಕೇಳುವ ತಾಪತ್ರಯವಿಲ್ಲ. ತಿಂದು ಮುಗಿಯುವ ಸ್ಯಾಂಪಲ್‌ಗೆ ಅದು ನಡೆಯುವುದಿಲ್ಲ. ಆಫ್ರಿಕದಿಂದ ಬರುವಾಗ ಕಟಿಂಗ್ ಟೆಸ್ಟಿನ ಒಂದು ಹಿಡಿ ಕಚ್ಚಾಬೀಜವನ್ನು ಸಾಕ್ಸಿನಲ್ಲಿ ಸುತ್ತಿ ತರುವ ಅಭ್ಯಾಸ ಕೆಲವರಿಗುಂಟು. ಹೊರದೇಶದ ಬೀಜ ನಮ್ಮ 2003ರ ಸಸ್ಯ ಕ್ವಾರಂಟೈನ್ ಆದೇಶದ ಅಡಿ ಬರುತ್ತದೆ, ಬೇಕಾದ ಪ್ರಮಾಣಪತ್ರ ಇಲ್ಲದೆ ತರಬಾರದು. ನಮ್ಮದೇ ಗೇರು ತೋಟಗಳ ಹಿತಕ್ಕಾಗಿ ಇರುವ ನಿಯಮ ಅದು.

ನಮ್ಮ ದೇಶವೂ ಬರುವವರನ್ನು ಹೀಗೆಯೇ ಕೇಳುತ್ತದೆ ಎಂಬುದನ್ನು ಮರೆಯಬಾರದು. 2009ರಲ್ಲಿ ಬಿಸಿನೆಸ್ ವೀಸಾದಲ್ಲಿ ಬಂದು ಯೋಜನೆಗಳಲ್ಲಿ ದುಡಿಯುತ್ತಿದ್ದ ಸಾವಿರಾರು ವಿದೇಶಿಯರಿಗೆ, ಅದರಲ್ಲೂ ಚೀನಾದವರಿಗೆ, ವಾಪಸು ಹೋಗಿ ಉದ್ಯೋಗ ವೀಸಾದಲ್ಲಿ ಬನ್ನಿ ಎಂದು ಭಾರತವೇ ಹೇಳಿತ್ತು. ಅದೇ ವೇಳೆ ಕರಾವಳಿಗೆ ಒಂದು ಅನುಕೂಲ ಉಂಟು, ಅದನ್ನು ನಾವು ಬಳಸುವುದು ಕಡಿಮೆ. ಇ-ವೀಸಾದಲ್ಲಿ ಬರಬಹುದಾದ ವಿಮಾನ ನಿಲ್ದಾಣಗಳ ಪಟ್ಟಿಯಲ್ಲಿ ಮಂಗಳೂರೂ ಉಂಟು, ಬಂದರುಗಳ ಪಟ್ಟಿಯಲ್ಲೂ ಉಂಟು. ನಮ್ಮ ಗಿರಾಕಿ ಇ-ಬಿಸಿನೆಸ್ ವೀಸಾ ಮಾಡಿಸಿಕೊಂಡು ದುಬೈ ಮೂಲಕ ನೇರ ಬಜ್ಪೆಗೆ ಇಳಿದು, ಕಾರ್ಖಾನೆ ನೋಡಿ, ಮರುದಿನ ಹೋಗಬಹುದು. ಎಷ್ಟೋ ಸಲ ನಾವು ಅಷ್ಟು ದೂರ ಹೋಗುವ ಬದಲು ಅವರನ್ನೇ ಕರೆಸುವುದು ಅಗ್ಗವಾಗುತ್ತದೆ. ಆಗ ಆಹ್ವಾನ ಪತ್ರ ಬರೆಯುವವರು ನಾವು, ಅದೇ ಎಚ್ಚರ ನಮಗೂ ಬೇಕು.

ಬಂದರಿನಲ್ಲಿ ಇಳಿಯುವ ಕಚ್ಚಾಬೀಜಕ್ಕೆ, ಹತ್ತುವ ಮೀನಿಗೆ ಕಾಗದ ಮಾಡಿಕೊಡಲು ಇಲ್ಲಿ ಏಜೆನ್ಸಿಗಳಿವೆ, ಇಲಾಖೆಗಳಿವೆ, ತಲೆಮಾರುಗಳ ಜ್ಞಾನ ಉಂಟು. ಆ ಮಾಲಿನ ಹಿಂದೆ ಹೋಗಬೇಕಾದ ಮನುಷ್ಯನಿಗೆ ಮಾತ್ರ ದಾರಿ ಹೇಳುವವರಿಲ್ಲ. ಕೆನರಾ ವಾಣಿಜ್ಯ ಮತ್ತು ಕೈಗಾರಿಕಾ ಮಂಡಳಿಯಂಥ ಹಳೆಯ ಸಂಸ್ಥೆ ನಮ್ಮ ನಡುವೆ ಉಂಟು. ವಾರಕ್ಕೆ ಒಂದು ದಿನ, ಎರಡು ಗಂಟೆ, ಒಬ್ಬ ಅನುಭವಿ ಕೂತು ಸಣ್ಣ ವ್ಯಾಪಾರಿಗಳ ಆಹ್ವಾನ ಪತ್ರ ಓದಿ ತಿದ್ದಿಕೊಡುವ ಮೇಜು ಹಾಕಿದರೆ, ಹಳದಿ ಕಾರ್ಡಿನ ಹತ್ತು ದಿನ ನೆನಪಿಸಿದರೆ, ಉಡುಪಿಯಲ್ಲೂ ಅಂಥದ್ದೊಂದು ಆದರೆ, ಎಷ್ಟೋ ಜನರ ಸೀಸನ್ ಉಳಿದೀತು. ಇದನ್ನು ಹೇಳುತ್ತಾ ಬಂದಿದ್ದೇನೆ, ಇನ್ನೂ ಹೇಳುತ್ತೇನೆ.

ಕಾರ್ಕಳದ ಆ ಮಾಲಕರು ಈ ಸಲ ನವೆಂಬರ್‌ನಲ್ಲೇ ಲಸಿಕೆ ಹಾಕಿಸಿಕೊಂಡಿದ್ದಾರೆ. ಮೊನ್ನೆ ಅಬಿಜಾನಿನಿಂದ ಬಂದ ಆಹ್ವಾನ ಪತ್ರವನ್ನು ನನಗೆ ಕಳಿಸಿದರು. ಮತ್ತೆ ಅದೇ “ವ್ಯವಹಾರದ ಮಾತುಕತೆಗಾಗಿ”. ಅದನ್ನು ಹೊಡೆದು ಹಾಕಿ, ಅವರು ಹೇಳಿದಂತೆ ಬರೆದು ವಾಪಸು ಕಳಿಸಿದೆವು: ನಮ್ಮ ಗೋದಾಮಿನಲ್ಲಿರುವ ಕಚ್ಚಾ ಗೇರುಬೀಜದ ಗುಣಮಟ್ಟ ಪರೀಕ್ಷಿಸಿ, ಔಟ್‌ಟರ್ನ್ ತೆಗೆದು, ಖರೀದಿಯ ಕರಾರಿಗೆ ಸಹಿ ಹಾಕಲು, ಆರು ದಿನಗಳಿಗಾಗಿ, ಸ್ವಂತ ಖರ್ಚಿನಲ್ಲಿ.